ಐದು ಅಡಿ ಎರಡು ಇಂಚು ನೂರ ಐವತ್ತೈದಲ್ಲ

ನೇಮಕಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳ ಎತ್ತರದಲ್ಲಿ ಎರಡೂವರೆ ಸೆಂಟಿಮೀಟರ್ ನಿಮ್ಮ ಮೈದಾನದಲ್ಲಿ ಕಳೆದುಹೋಗಿದೆ. ಅದನ್ನು ವಾಪಸು ಕೊಡಿ ಎಂದು ಕೇಳಲು ಈ ಪತ್ರ. ನಾಲ್ಕು ತಿಂಗಳು ನಿಮ್ಮನ್ನು ಮಾತ್ರ ಕೇಳಿದೆ. ಅರ್ಜಿ ಕೊಟ್ಟೆ, ಸ್ವೀಕೃತಿಯ ಮುದ್ರೆ ಒತ್ತಿಸಿಕೊಂಡೆ, ನಿಮ್ಮ ಕಚೇರಿಯ ಬೆಂಚಿನ ಮೇಲೆ ಕುಳಿತೆ, ಊಟದ ಹೊತ್ತು ಆದ ಮೇಲೆ ಬನ್ನಿ ಎಂದಾಗ ಎದ್ದುಹೋಗಿ ಊಟದ ಹೊತ್ತು ಆದ ಮೇಲೆ ಬಂದೆ. ಇನ್ನು ಊರೆಲ್ಲ ಕೇಳಿಸಿಕೊಳ್ಳಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ನಾನು ಗೋವಿಂದರಾಜನಗರದಲ್ಲಿ ಇಪ್ಪತ್ತಾರು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುವವಳು. ಹತ್ತನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದೇನೆ. ಗಂಡ ಬೈರಯ್ಯ ಪ್ಲಂಬರ್ ಕೆಲಸ ಮಾಡುತ್ತಾರೆ. ಒಬ್ಬಳೇ ಮಗಳು ಅಮೂಲ್ಯಾ ಬಿ.ಕಾಂ. ಮುಗಿಸಿದ್ದಾಳೆ. ನಿಮ್ಮ ಇಲಾಖೆಯ ಖಾಕಿ ತೊಡಬೇಕೆಂದು ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಮಾಗಡಿ ರಸ್ತೆಯ ಪಕ್ಕ ಓಡಿದ್ದಾಳೆ. ನಿಮ್ಮ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ, ನಿಮ್ಮ ಓಟದಲ್ಲಿ ಗೆದ್ದಿದ್ದಾಳೆ. ಆಮೇಲೆ ನಿಮ್ಮ ಮರದ ಕಂಬದ ಪಕ್ಕ ನಿಂತು ಸೋತಿದ್ದಾಳೆ. ಸೋತದ್ದು ಎತ್ತರದಿಂದಲ್ಲ, ನಿಮ್ಮವರ ಗುಣಾಕಾರದಿಂದ. ಅದನ್ನು ಇಲ್ಲಿ ಸಾಬೀತು ಮಾಡುತ್ತೇನೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಅಳತೆಗಳನ್ನು ಕಲಸುಮೇಲೋಗರ ಮಾಡುವುದರಲ್ಲಿ ನಾವು, ಅಂದರೆ ಜನ, ನಿಮಗಿಂತ ಹಿಂದೆ ಬಿದ್ದಿಲ್ಲ. ನಾವು ಬಾಡಿಗೆಗಿರುವ ಮನೆಯ ಸೈಟು ಇಪ್ಪತ್ತು ಮೂವತ್ತು. ಏನು ಇಪ್ಪತ್ತು ಎಂದು ಯಾರೂ ಕೇಳುವುದಿಲ್ಲ, ಆದರೆ ಅದೇ ಸೈಟಿನ ಕಾಗದದಲ್ಲಿ ಚದರ ಮೀಟರ್ ಇರುತ್ತದೆ. ಬೀದಿಯ ಬೋರ್‌ವೆಲ್ ಎಂಟುನೂರು ಅಡಿ, ಅದರಲ್ಲಿ ಬಿದ್ದ ನೀರು ಒಂದೂವರೆ ಇಂಚು, ಅದು ಬತ್ತಿದ ಮೇಲೆ ಟ್ಯಾಂಕರ್‌ನಲ್ಲಿ ಬರುವ ನೀರು ಲೀಟರ್. ಹೊರಗಿನ ಬಿಸಿಲು ಮೂವತ್ತಾರು, ಒಳಗೆ ಮಲಗಿದವರ ಜ್ವರ ನೂರೊಂದು. ಸ್ಕೂಟರಿಗೆ ಪೆಟ್ರೋಲು ಲೀಟರಿನಲ್ಲಿ, ಚಕ್ರಕ್ಕೆ ಗಾಳಿ ಪೌಂಡಿನಲ್ಲಿ. ನಮ್ಮ ಮನೆಯವರು ಅಂಗಡಿಗೆ ಹೋಗಿ ಮುಕ್ಕಾಲಿಂಚಿನ ಪೈಪು ಮೂರು ಮೀಟರ್ ಕೊಡಿ ಎನ್ನುತ್ತಾರೆ, ಅಂಗಡಿಯವರು ಒಂದು ಮಾತೂ ಆಡದೆ ಕೊಡುತ್ತಾರೆ. ನನ್ನ ಕಸುಬಿನಲ್ಲಿ ಸೀರೆ ಐದೂವರೆ ಮೀಟರ್, ಬ್ಲೌಸಿನ ಸುತ್ತಳತೆ ಮೂವತ್ತಾರು ಇಂಚು. ಇನ್ನು ಮುಡಿಯುವ ಮಲ್ಲಿಗೆಯಂತೂ ಮೊಳ, ಅದೂ ಹೂವು ಮಾರುವವರ ಮೊಳ. ಹೀಗೆಲ್ಲ ಇದ್ದರೂ ನಾವು ಬದುಕುತ್ತಿದ್ದೇವೆ. ಏಕೆಂದರೆ ಯಾವುದನ್ನು ಯಾವುದರಲ್ಲಿ ಅಳೆಯಬೇಕೆಂದು ಇಬ್ಬರಿಗೂ ಗೊತ್ತಿರುತ್ತದೆ. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಗೊತ್ತಿಲ್ಲದೆ ಎಡವಟ್ಟಾದರೆ ತಪ್ಪಾಯಿತು ಎನ್ನುತ್ತೇವೆ.

ನಾನೂ ಎಡವಟ್ಟು ಮಾಡಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಬಸವೇಶ್ವರನಗರದ ಗಿರಿಜಾದೇವಿಯವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ದಾವಣಗೆರೆ ಕಡೆಯವರು. ಆರು ವರ್ಷದ ಹಿಂದೆ ಮೊದಲ ಸಲ ನನ್ನಲ್ಲಿ ಬ್ಲೌಸ್ ಹೊಲಿಯಲು ಕೊಟ್ಟರು. ಅಳತೆಗೆ ಒಂದು ಹಳೆಯ ಬ್ಲೌಸ್ ಕಳಿಸಿ, ಜೊತೆಗೆ ಒಂದು ಚೀಟಿ ಇಟ್ಟಿದ್ದರು: ಬೆನ್ನಿನ ಕಡೆ ಕತ್ತು ಸ್ವಲ್ಪ ಬದಲಿಸಿ, ಇಳಿತ 10. ನಾನು ಟೇಪಿಟ್ಟು ನೋಡಿದೆ. ಹತ್ತು ಇಂಚು ಎಂದರೆ ಬೆನ್ನೆಲ್ಲ ಬಯಲು, ಈಗಿನ ಮದುಮಗಳು ಹಾಕುವ ಥರ. ಕಾಲ ಬದಲಾಗಿದೆ, ನಿವೃತ್ತರಾದವರಿಗೂ ಆಸೆ ಇರುತ್ತದೆ, ಕೇಳಲು ನಾನು ಯಾರು ಎಂದುಕೊಂಡು ಕತ್ತರಿಸಿದೆ. ಬ್ಲೌಸ್ ಹಿಡಿದುಕೊಂಡು ಅವರೇ ಅಂಗಡಿಗೆ ಬಂದರು.

"ಅಲ್ರೀ ಪಟಾಲಮ್ಮಾರೆ, ಇದೇನ್ರೀ ಇದು? ಮೊಮ್ಮಗಳಿಗೆ ಹೊಲಿದ್ರೋ, ನನಗ ಹೊಲಿದ್ರೋ?"

"ನೀವೇ ಹತ್ತು ಅಂತ ಬರ್ದಿದ್ರಲ್ಲಾ ಮೇಡಂ?"

"ಹತ್ತು ಸೆಂಟಿಮೀಟರ್ ರೀ!"

ಅದು ರೇಷ್ಮೆ ಬಟ್ಟೆ. ಕೇಳದೆ ಕತ್ತರಿ ಹಾಕಿದ್ದು ನನ್ನ ತಪ್ಪು, ಅದೇ ಬಣ್ಣದ ಬಟ್ಟೆ ನಾನೇ ಹುಡುಕಿ ತಂದು ಹೊಲಿದುಕೊಡುತ್ತೇನೆ ಎಂದೆ. ಅವರು ಸ್ಟೂಲಿನ ಮೇಲೆ ಕೂತು ನಗತೊಡಗಿದರು. "ತಪ್ಪು ನಂದೂ ಐತಿ ಬಿಡ್ರಿ. ಬರೇ ಅಂಕಿ ಬರ್ದೆ, ಯೂನಿಟ್ ಬರೀಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಇದಕ್ಕೇ ಮಾರ್ಕ್ಸ್ ಕಡೀತಿದ್ದೆ ನಾನು." ನಾಲ್ಕು ದಿನ ಚಿಕ್ಕಪೇಟೆ ಸುತ್ತಿ ಬಟ್ಟೆ ಹೊಂದಿಸಿದೆ. ಅವತ್ತಿನಿಂದ ಇವತ್ತಿನವರೆಗೆ ಅವರ ಮನೆಯ ಎಲ್ಲ ಹೆಂಗಸರ ಬಟ್ಟೆ ನನ್ನ ಹತ್ತಿರವೇ ಬರುತ್ತದೆ.

ಒಂದು ಬ್ಲೌಸಿನ ವಿಷಯದಲ್ಲಿ ಇಬ್ಬರು ಹೆಂಗಸರು ತಪ್ಪು ನನ್ನದು, ಇಲ್ಲ ನನ್ನದು ಎಂದು ಅರ್ಧ ಗಂಟೆ ಜಗಳವಾಡಿದೆವು. ಇಷ್ಟು ದೊಡ್ಡ ನಿಮ್ಮ ಕಟ್ಟಡದಲ್ಲಿ, ಅಷ್ಟೊಂದು ಕುರ್ಚಿಗಳಲ್ಲಿ, ಅಂಥ ಒಬ್ಬರು ನನಗೆ ನಾಲ್ಕು ತಿಂಗಳಲ್ಲಿ ಸಿಗಲಿಲ್ಲ.

ಈಗ ಫೆಬ್ರವರಿಯ ಆ ದಿನಕ್ಕೆ ಬರುತ್ತೇನೆ. ನಿಮ್ಮ ಅಧಿಸೂಚನೆಯಲ್ಲಿ ಮಹಿಳಾ ಅಭ್ಯರ್ಥಿಯ ಎತ್ತರ ಕನಿಷ್ಠ 157 ಸೆಂಟಿಮೀಟರ್ ಎಂದಿತ್ತು. ಅಮೂಲ್ಯಾ ಅರ್ಜಿ ಹಾಕುವ ಮುಂಚೆಯೇ ಮನೆಯಲ್ಲಿ ಅಳೆಸಿಕೊಂಡಿದ್ದಳು, ನೂರ ಐವತ್ತೇಳೂವರೆ. ಅರ್ಧ ಸೆಂಟಿಮೀಟರ್ ಮೇಲೆ ಇದೀನಿ ಅಮ್ಮ, ಸಾಕು ಎಂದು ನಕ್ಕಿದ್ದಳು. ಬೆಳಗ್ಗೆ ಆರಕ್ಕೆ ನಿಮ್ಮ ಮೈದಾನದ ಬೇಲಿಯಾಚೆ ನಾನು, ಬೇಲಿಯೊಳಗೆ ಅವಳು. ಓಟವನ್ನು ಮೀಟರಿನಲ್ಲಿ ಅಳೆದಿರಿ, ಪಾಸು. ಉದ್ದ ಜಿಗಿತವನ್ನು ಮೀಟರಿನಲ್ಲಿ ಅಳೆದಿರಿ, ಪಾಸು. ತೂಕ ಕಿಲೋದಲ್ಲಿ. ಎತ್ತರದ ಸಾಲಿಗೆ ಬಂದಾಗ ಮಾತ್ರ ಬ್ರಿಟಿಷರು ವಾಪಸು ಬಂದುಬಿಟ್ಟರು. ಎಲೆಕ್ಟ್ರಾನಿಕ್ ಯಂತ್ರ ಕೆಟ್ಟಿದೆ ಎಂದು ನಿಮ್ಮವರು ಉಗ್ರಾಣದಿಂದ ಹಳೆಯದೊಂದು ಮರದ ಕಂಬ ತಂದು ನಿಲ್ಲಿಸಿದರು. ಅದರ ಮೇಲೆ ಬಿಳಿ ಬಣ್ಣದಲ್ಲಿ ಅಡಿ ಮತ್ತು ಇಂಚಿನ ಗೆರೆಗಳು ಮಾತ್ರ ಇದ್ದವು. ಪಕ್ಕದ ಮೇಜಿನ ಮೇಲೆ ಕೈಯಲ್ಲಿ ಬರೆದ ಒಂದು ಹಾಳೆ. ಕಂಬದ ಹತ್ತಿರ ನಿಂತವರು ಅಡಿ ಇಂಚು ಕೂಗಬೇಕು, ಮೇಜಿನವರು ಹಾಳೆಯಲ್ಲಿ ಬೆರಳಿಟ್ಟು ಸೆಂಟಿಮೀಟರ್ ಹೇಳಬೇಕು.

"ಐದು ಎರಡು!" ಎಂದು ಕೂಗಿದರು.

ಬೆರಳು ಹಾಳೆಯ ಮೇಲೆ ಇಳಿಯಿತು. "ನೂರ ಐವತ್ತೈದು. ನಾಟ್ ಕ್ವಾಲಿಫೈಡ್. ನೆಕ್ಸ್ಟ್."

"ಸಾರ್, ನಾನು ನೂರ ಐವತ್ತೇಳೂವರೆ ಇದೀನಿ ಸಾರ್. ಮನೇಲಿ ಸರಿಯಾಗಿ ಅಳತೆ ಮಾಡಿಸ್ಕೊಂಡು ಬಂದಿದೀನಿ."

"ಮನೇಲಿ ಎಲ್ರೂ ಎತ್ತರಾನೇ ಇರ್ತಾರೆ ಕಣಮ್ಮಾ. ಪಕ್ಕಕ್ಕೆ ಬಾ."

ಅವಳು ಪಕ್ಕಕ್ಕೆ ಬರುವಾಗ ಆ ಹಾಳೆಯನ್ನು ನೋಡಿಕೊಂಡೇ ಬಂದಳು. ಬಿ.ಕಾಂ. ಓದಿದವಳು, ಅಂಕಿಗಳು ಅವಳ ಕಣ್ಣಿಗೆ ಬೇಗ ಅಂಟುತ್ತವೆ. ಐದು ಅಡಿಯ ಮುಂದೆ 150. ಐದು ಒಂದರ ಮುಂದೆ 152.5. ಐದು ಎರಡರ ಮುಂದೆ 155. ಐದು ಮೂರರ ಮುಂದೆ 157.5. ಗೇಟಿನ ಹತ್ತಿರ ಇನ್ನೊಬ್ಬ ಹುಡುಗಿ ಗೋಡೆಗೆ ಒರಗಿ ಅಳುತ್ತಿದ್ದಳು. ಕೆಂಗೇರಿಯ ವಚನಾ. ಅವತ್ತಿನ ನಾನೂರು ಮೀಟರ್ ಓಟದಲ್ಲಿ ಅವಳ ಗುಂಪಿಗೆ ಅವಳೇ ಮೊದಲು ಬಂದಿದ್ದಳು. ಅವಳೂ ಐದು ಎರಡು. ಇಬ್ಬರೂ ಫೋನ್ ನಂಬರ್ ಬದಲಿಸಿಕೊಂಡರು.

ವಿಜಯನಗರದ ಬಸ್ಸಿಳಿದ ಅಮೂಲ್ಯಾ ಮನೆಗೂ ಹೋಗದೆ ನೇರ ಅಂಗಡಿಗೆ ಬಂದು, ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. "ಅಳತೆ ಮಾಡಮ್ಮ" ಎಂದಳು. ನೆತ್ತಿಯ ಮೇಲೆ ಸ್ಕೇಲಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದೆ. ನಮ್ಮ ಟೇಪು ಅರವತ್ತು ಇಂಚಿಗೆ ಮುಗಿಯುತ್ತದೆ, ಅದರ ಮೇಲೆ ಇನ್ನೆರಡು ಇಂಚು ಬಂತು. ಸರಿ, ನಿಮ್ಮ ಕಂಬ ಸುಳ್ಳು ಹೇಳಿಲ್ಲ. ಈಗ ಟೇಪು ತಿರುಗಿಸಿದೆ. ಇಂಚಿನ ಅರವತ್ತು ಇರುವ ತುದಿಯಲ್ಲಿ ಆ ಕಡೆ ನೂರ ಐವತ್ತೆರಡು ದಾಟಿತ್ತು. ಉಳಿದ ಎರಡು ಇಂಚಿನ ಜಾಗದಲ್ಲಿ ಐದು ಸೆಂಟಿಮೀಟರ್, ಮೇಲೊಂದು ಕೂದಲೆಳೆ. ಒಟ್ಟು ನೂರ ಐವತ್ತೇಳೂವರೆ.

"ಒಂದೇ ಟೇಪು ಕಣಮ್ಮ. ಈ ಕಡೆ ಇರೋಳೂ ನಾನೇ, ಆ ಕಡೆ ಇರೋಳೂ ನಾನೇ. ಅವರ ಹಾಳೆಯಲ್ಲಿ ಇರೋಳು ಯಾರು?" ಎಂದಳು. ಆಗ ಅತ್ತಳು.

ಆ ಸಂಜೆ ಗಿರಿಜಾದೇವಿಯವರಿಗೆ ಫೋನ್ ಮಾಡಿದೆ. ಅವರು ಅಮೂಲ್ಯಾಳ ಬಾಯಲ್ಲಿ ಹಾಳೆಯ ಅಂಕಿಗಳನ್ನು ಒಂದೊಂದಾಗಿ ಹೇಳಿಸಿಕೊಂಡು, ಎರಡೇ ನಿಮಿಷದಲ್ಲಿ ಕಂಡುಹಿಡಿದರು. ಶಾಲೆಯ ಮಕ್ಕಳ ಹತ್ತಿರ ಒಂದು ಸ್ಕೇಲ್ ಇರುತ್ತದಲ್ಲ, ಒಂದು ಬದಿ ಹನ್ನೆರಡು ಇಂಚು, ಇನ್ನೊಂದು ಬದಿ ಮೂವತ್ತು ಸೆಂಟಿಮೀಟರ್. ನಿಮ್ಮ ಮೇಜಿನವರು ಅದನ್ನೇ ನೋಡಿ ಹಾಳೆ ಬರೆದಿದ್ದಾರೆ. ಅಡಿಗೆ ಮೂವತ್ತು, ಇಂಚಿಗೆ ಎರಡೂವರೆ. "ಇಂಚಿಗೆ ಎರಡು ಪಾಯಿಂಟ್ ಐದು ನಾಕು. ಇದು ಅಂದಾಜು ಅಲ್ರೀ, ಜಗತ್ತೇ ಒಪ್ಪಿದ್ದು. ಇವರು ಆ ಕೊನೇ ನಾಕನ್ನ ನುಂಗ್ಯಾರ" ಎಂದರು. ಆ ನಾಲ್ಕು ಒಂದು ಇಂಚಿನಲ್ಲಿ ಕಣ್ಣಿಗೂ ಕಾಣುವುದಿಲ್ಲ. ಅರವತ್ತೆರಡು ಇಂಚಿನಲ್ಲಿ ಎರಡೂವರೆ ಸೆಂಟಿಮೀಟರ್ ಆಗುತ್ತದೆ. ಅಂದರೆ ಏನಾಯಿತು ಅಧ್ಯಕ್ಷರೇ? ನಿಮ್ಮ ನಿಯಮ 157 ಎನ್ನುತ್ತದೆ, ನಿಮ್ಮ ಹಾಳೆಯಲ್ಲಿ 157 ದಾಟಬೇಕಾದರೆ ಹುಡುಗಿ ಐದು ಅಡಿ ಮೂರು ಇಂಚು ಇರಬೇಕು, ಅಂದರೆ ನಿಜಕ್ಕೂ 160. ಅಧಿಸೂಚನೆಯಲ್ಲಿ ಒಂದು ಬಾಗಿಲು ತೋರಿಸಿ, ಮೈದಾನದಲ್ಲಿ ಇನ್ನೊಂದರಲ್ಲಿ ನುಗ್ಗಲು ಹೇಳಿದಿರಿ. ಈ ನಿಯಮವನ್ನು ಬದಲಿಸಿದ್ದು ಯಾರು? ಯಾವ ಸಭೆಯಲ್ಲಿ? ಒಂದು ಸ್ಕೇಲಿಗೆ ಇಷ್ಟು ಅಧಿಕಾರ ಕೊಟ್ಟಿರೆಂದರೆ ಅದಕ್ಕೂ ಒಂದು ಕುರ್ಚಿ ಹಾಕಿಸಿ.

ಮರುದಿನವೇ ಸರ್ಕಾರಿ ಆಸ್ಪತ್ರೆಗೆ ಹೋದೆವು. ವೈದ್ಯರು ಮುದ್ರೆ ಒತ್ತಿ ಕೊಟ್ಟ ಪ್ರಮಾಣಪತ್ರದಲ್ಲಿ 157.6 ಸೆಂಟಿಮೀಟರ್ ಎಂದಿದೆ. ಅದನ್ನು ಹಿಡಿದು ನಿಮ್ಮ ಕಚೇರಿಗೆ ಬಂದೆವು. ಮೇಲ್ಮನವಿ ನೋಡುವ ಅಧಿಕಾರಿ ಅದನ್ನು ಓದದೆ ಮಡಿಸಿ ವಾಪಸು ಕೊಟ್ಟರು. ಮೈದಾನದಲ್ಲಿ ಆದದ್ದೇ ಅಂತಿಮ ಎಂದರು. ನಾನು ಟೇಪು ತೆಗೆದು ಎರಡೂ ಬದಿ ತೋರಿಸಲು ಹೋದೆ.

"ಏನಮ್ಮಾ ಇದು, ಟೈಲರ್ ಟೇಪ್ ತಂದು ಸರ್ಕಾರಕ್ಕೆ ಪಾಠ ಹೇಳ್ತೀರಾ?"

"ಪಾಠ ಅಲ್ಲ ಸಾರ್. ಎರಡೂ ಬದಿ ನೋಡಿ ಅಂತ ಅಷ್ಟೇ."

"ಎರಡೂವರೆ ಸೆಂಟಿಮೀಟರ್ ತಾನೇ? ಅಷ್ಟಕ್ಕೆ ಇಷ್ಟೊಂದು ಓಡಾಡ್ತೀರಲ್ಲ."

"ಅಷ್ಟೇ ಅಂದ್ರೆ ನೀವೇ ಬಿಟ್ಕೊಡಿ ಸಾರ್" ಎಂದೆ.

ಅವರು ಗಂಟೆ ಒತ್ತಿದರು, ಜವಾನರು ನಮ್ಮನ್ನು ಹೊರಗೆ ಕರೆದುಕೊಂಡು ಹೋದರು. ಮಾಹಿತಿ ಹಕ್ಕಿನಲ್ಲಿ ಆ ಹಾಳೆಯ ಪ್ರತಿ ಕೇಳಿದೆವು. ನಿಮ್ಮ ಉತ್ತರ ಇನ್ನೂ ನನ್ನ ಹತ್ತಿರ ಇದೆ: "ಅಭ್ಯರ್ಥಿಗಳ ಎತ್ತರವನ್ನು ನಿಯಮಾನುಸಾರ ಸೆಂಟಿಮೀಟರಿನಲ್ಲಿಯೇ ಅಳೆಯಲಾಗಿದ್ದು, ಸದರಿ ಪರಿವರ್ತನಾ ಪಟ್ಟಿಯು ಕಚೇರಿಯಲ್ಲಿ ಲಭ್ಯವಿರುವುದಿಲ್ಲ." ಎಷ್ಟು ಚೆಂದದ ವಾಕ್ಯ! ಸೆಂಟಿಮೀಟರಿನಲ್ಲಿಯೇ ಅಳೆದಿದ್ದರೆ ಪರಿವರ್ತನಾ ಪಟ್ಟಿ ಲಭ್ಯವಿಲ್ಲ ಎಂದು ಏಕೆ ಹೇಳಬೇಕು, ಅಂಥದ್ದೇ ಇರಲಿಲ್ಲ ಎನ್ನಬೇಕಲ್ಲವೇ? ಸಂತೆಯಲ್ಲಿ ಈರುಳ್ಳಿ ಮಾರುವವರ ತೂಕದ ಕಲ್ಲಿಗೂ ಸರ್ಕಾರ ವರ್ಷ ವರ್ಷ ಮುದ್ರೆ ಒತ್ತುತ್ತದೆ, ಒಂದು ಗ್ರಾಂ ಕಡಿಮೆಯಾದರೆ ದಂಡ ಹಾಕುತ್ತದೆ. ಹುಡುಗಿಯರ ಬದುಕನ್ನು ಅಳೆದ ನಿಮ್ಮ ಕಂಬದ ಮೇಲೆ ಯಾರ ಮುದ್ರೆ ಇತ್ತು?

ಈ ಮಧ್ಯೆ ಅಮೂಲ್ಯಾ ವಚನಾಗೆ ಫೋನ್ ಮಾಡಿ, ನೀನೂ ಆಸ್ಪತ್ರೆಯಲ್ಲಿ ಅಳೆಸು ಎಂದಳು. ಅವಳು 158 ಬಂದಳು. ಇಬ್ಬರೂ ಸೇರಿ ಅವತ್ತಿನ ಸಾಲಿನಲ್ಲಿದ್ದವರನ್ನು ಒಬ್ಬರಿಂದ ಒಬ್ಬರಂತೆ ಹುಡುಕಿದರು. ಚಂದ್ರಾ ಲೇಔಟ್‌ನಲ್ಲಿ ಒಬ್ಬಳು, ಮಹಾಲಕ್ಷ್ಮಿ ಲೇಔಟ್‌ನಲ್ಲಿ ಒಬ್ಬಳು, ಉಳಿದವರು ಜಿಲ್ಲೆಗಳ ಕಡೆ. ಒಟ್ಟು ಹನ್ನೊಂದು ಜನ ಸಿಕ್ಕಿದ್ದಾರೆ. ಹನ್ನೊಂದು ಜನರದ್ದೂ ಸರ್ಕಾರಿ ಆಸ್ಪತ್ರೆಯ ಕಾಗದ ಇದೆ, ಹನ್ನೊಂದರಲ್ಲೂ ಎತ್ತರ 157ಕ್ಕೆ ಮೇಲೆ, 160ಕ್ಕೆ ಕೆಳಗೆ. ನಿಮ್ಮ ಹಾಳೆ ನುಂಗಿದ ಜಾಗದೊಳಗೆ ಅಚ್ಚುಕಟ್ಟಾಗಿ ಕುಳಿತಿದ್ದಾರೆ. ಅವರಲ್ಲಿ ಒಬ್ಬಳನ್ನು, ಹೇಗೂ ಫೇಲಾದೆಯಲ್ಲ ಎಂದು, ಮಾರ್ಚಿನಲ್ಲಿ ಮದುವೆ ಮಾಡಿ ಕಳಿಸಿದರು. ಅವಳು ಇನ್ನೊಂದು ವರ್ಷ ಬೇಕು ಎಂದು ಕೇಳಿದ್ದಳಂತೆ. ಕೈಯಲ್ಲಿ ನಿಮ್ಮ 'ಅನರ್ಹ' ಎಂಬ ಚೀಟಿ ಇಟ್ಟುಕೊಂಡು ಕೇಳಿದರೆ ಯಾರು ಕೊಡುತ್ತಾರೆ?

ಹನ್ನೊಂದು ಹೆಸರಿರುವ ಮನವಿ ನಿಮ್ಮ ಮೇಜಿಗೆ ಬಂದ ವಾರದಲ್ಲೇ ನನಗೊಂದು ಫೋನ್ ಬಂತು. ಅದೇ ಮೇಲ್ಮನವಿಯ ಅಧಿಕಾರಿ. ಈ ಸಲ ದನಿಯಲ್ಲಿ ಬೆಣ್ಣೆ ಇತ್ತು. "ಮಂಗಳವಾರ ಮಗಳನ್ನ ಕರ್ಕೊಂಡು ಬನ್ನಿ ಅಮ್ಮಾ. ಮರು ಅಳತೆ ಮಾಡಿಸೋಣ. ಅವಳೊಬ್ಬಳದ್ದೇ. ಮಿಕ್ಕೋರಿಗೆ ಹೇಳೋಕೆ ಹೋಗ್ಬೇಡಿ."

ಹೋದೆವು. ಸುಳ್ಳು ಹೇಳುವುದಿಲ್ಲ, ನಾನು ದೇವರಿಗೆ ಕೈಮುಗಿದು, ಹೊಸ ಚೂಡಿದಾರ ಹಾಕಿಸಿ ಕರೆದುಕೊಂಡು ಹೋದೆ. ಕೋಣೆಯಲ್ಲಿ ಎಲೆಕ್ಟ್ರಾನಿಕ್ ಯಂತ್ರ ರಿಪೇರಿಯಾಗಿ ನಿಂತಿತ್ತು. ಅದರ ಪಕ್ಕ ಮೇಜಿನ ಮೇಲೆ, ಟೈಪು ಮಾಡಿ ಸಿದ್ಧವಾಗಿಟ್ಟ ಕಾಗದ. ಮೊದಲು ಸಹಿ, ಆಮೇಲೆ ಅಳತೆ ಎಂದರು. ಅಮೂಲ್ಯಾ ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು. "ದೈಹಿಕ ಪರೀಕ್ಷೆಯ ದಿನದಂದು ನಾನು ಅರಿವಿಲ್ಲದೆ ಮೊಣಕಾಲು ಬಗ್ಗಿಸಿ ನಿಂತಿದ್ದ ಕಾರಣ ಎತ್ತರ ಕಡಿಮೆ ದಾಖಲಾಗಿರುತ್ತದೆ. ಇದರಲ್ಲಿ ಸಿಬ್ಬಂದಿಯ ಯಾವುದೇ ಲೋಪ ಇರುವುದಿಲ್ಲ."

"ಸಾರ್, ನಾನು ಬಗ್ಗಿ ನಿಂತಿರ್ಲಿಲ್ಲ" ಎಂದಳು.

"ಗೊತ್ತಮ್ಮಾ. ಇದು ಫಾರ್ಮಾಲಿಟಿ. ಫೈಲಿಗೆ ಒಂದು ಕಾರಣ ಬೇಕಲ್ಲ."

"ಕಾರಣ ಇದೆಯಲ್ಲ ಸಾರ್. ಹಾಳೆ ತಪ್ಪಿತ್ತು ಅಂತ ಬರೀರಿ."

"ಹಂಗೆ ಬರೆದ್ರೆ ಅವತ್ತು ಬಂದೋರೆಲ್ಲಾ ಬಾಗಿಲಿಗೆ ಬರ್ತಾರೆ."

"ಬರ್ಲಿ ಸಾರ್. ಅವರಿಗೂ ಇದೇ ಆಗಿರೋದು."

ಇಲ್ಲಿ ನಾನು ಮಾಡಿದ್ದನ್ನು ಬರೆಯದೆ ಬಿಟ್ಟರೆ ಈ ಪತ್ರಕ್ಕೆ ಬೆಲೆಯಿಲ್ಲ. ಸೆಪ್ಟೆಂಬರಿಗೆ ಅವಳ ವಯಸ್ಸು ನಿಮ್ಮ ಮಿತಿ ದಾಟುತ್ತದೆ, ಮುಂದಿನ ನೇಮಕಾತಿಗೆ ಅವಳು ಅರ್ಜಿಯೂ ಹಾಕುವಂತಿಲ್ಲ. ಎರಡು ವರ್ಷ ಓಡಿದ ಕಾಲು, ಬಾಗಿಲ ಹತ್ತಿರ ನಿಂತ ಯಂತ್ರ, ಎರಡು ಹೆಜ್ಜೆ ದೂರದಲ್ಲಿ ಕೆಲಸ. ನಾನು ಅವಳ ಕೈಹಿಡಿದು ಹಿಂಡಿದೆ. "ಹಾಕೇ ಸಹಿ. ಬಗ್ಗಿದ್ದೆ ಅಂದ್ರೆ ಏನಾಯ್ತು? ಯಾರು ನೋಡೋಕೆ ಬರ್ತಾರೆ?" ಎಂದೆ. ನಿಮ್ಮ ಅಧಿಕಾರಿ ನನ್ನನ್ನು ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದರು.

ಅಮೂಲ್ಯಾ ಮೆಲ್ಲಗೆ ಹೇಳಿದಳು, "ಅಮ್ಮ, ನಾನು ಬಗ್ಗಿದ್ದೆ ಅಂತ ಸಹಿ ಹಾಕಿದ್ರೆ ಹಾಳೆ ಸರಿ ಇತ್ತು ಅಂತ ಆಗತ್ತೆ. ಆ ಹಾಳೆ ಸರಿ ಇತ್ತು ಅಂದ್ರೆ ಮಿಕ್ಕಿದ ಹತ್ತು ಜನ ಕುಳ್ಳಿಯರಾಗೇ ಉಳೀತಾರೆ. ನನ್ ಸಹಿ ತೋರ್ಸಿನೇ ಅವರನ್ನ ವಾಪಸ್ ಕಳಿಸ್ತಾರೆ." ಪೆನ್ನನ್ನು ಕಾಗದದ ಮೇಲಿಟ್ಟು ಅಧಿಕಾರಿಗೆ ನಮಸ್ಕಾರ ಹೇಳಿ ಎದ್ದಳು. ಯಂತ್ರದ ಪಕ್ಕದಿಂದಲೇ ನಡೆದು ಹೊರಗೆ ಹೋದಳು.

ಬಸ್ ಸ್ಟಾಪಿನಲ್ಲಿ ನಾಲ್ಕು ಜನ ನೋಡುವಂತೆ ಅವಳನ್ನು ಬೈದೆ. ಊರ ಉಸಾಬರಿ ನಿನಗೇಕೆ, ಆ ಹತ್ತು ಜನ ನಾಳೆ ನಿನಗೆ ಅನ್ನ ಹಾಕುತ್ತಾರಾ ಎಂದೆ. ಮನೆಗೆ ಬಂದು ಗಂಡನಿಗೆ ಹೇಳಿದೆ, ನೀವಾದರೂ ಬುದ್ಧಿ ಹೇಳಿ ಎಂದೆ. ಅವರು ಕೈತೊಳೆದುಕೊಳ್ಳುತ್ತಾ, "ನನ್ನ ಕೇಳ್ಬೇಡ ಕಣೆ. ಕೆಲಸಕ್ಕೆ ಹೋಗೋಳು ಅವಳು, ಸಹಿ ಹಾಕೋಳೂ ಅವಳೇ" ಎಂದಷ್ಟೇ ಹೇಳಿದರು. ಎರಡು ದಿನ ನಾನು ಮಗಳೊಂದಿಗೆ ಮಾತು ಬಿಟ್ಟೆ. ತಟ್ಟೆಗೆ ಮುದ್ದೆ ಹಾಕುವಾಗಲೂ ಅವಳ ಮುಖ ನೋಡಲಿಲ್ಲ.

ಮೂರನೇ ದಿನ ಮಧ್ಯಾಹ್ನ ವಚನಾ ಕೆಂಗೇರಿಯಿಂದ ಅಂಗಡಿಗೆ ಬಂದಳು. ಹನ್ನೊಂದು ಆಸ್ಪತ್ರೆ ಕಾಗದಗಳ ಜೆರಾಕ್ಸ್ ಮಾಡಿಸಿ ಫೈಲಿನಲ್ಲಿ ಹಾಕಿ ತಂದಿದ್ದಳು. ಮಂಗಳವಾರದ ವಿಷಯ ಅವಳಿಗೆ ಗೊತ್ತಿರಲಿಲ್ಲ, ಅಮೂಲ್ಯಾ ಯಾರಿಗೂ ಹೇಳಿರಲಿಲ್ಲ. ನಾನು ಗುಂಡಿ ಹೊಲಿಯುತ್ತಾ ತಲೆತಗ್ಗಿಸಿ ಕುಳಿತಿದ್ದೆ.

"ಆಂಟಿ, ಮನೇಲಿ ನಂಗೆ ದಿನಾ ಬೈಗುಳ, ಬಿಟ್ಬಿಡು ಅಂತ. ಅಪ್ಪ ಅಂತೂ ನಾನು ಸುಳ್ಳು ಹೇಳ್ತಿದೀನಿ ಅಂತಾನೇ ಅಂದ್ಕೊಂಡಿದಾರೆ. ಅಮೂಲ್ಯಾ ಒಬ್ಳೇ ಎಷ್ಟೊತ್ತಿಗೆ ಮಾಡಿದ್ರೂ ಫೋನ್ ತೆಗೀತಾಳೆ. ಅವ್ಳು ಬಿಟ್ಟಿದ್ರೆ ನಾವೆಲ್ಲ ಯಾವತ್ತೋ ಬಿಡ್ತಿದ್ವಿ."

ಸೂಜಿ ನನ್ನ ಬೆರಳಿಗೆ ಚುಚ್ಚಿತು ಎಂದು ಹೇಳಿ ಎದ್ದು ಒಳಗೆ ಹೋದೆ. ಸೂಜಿ ಚುಚ್ಚಿರಲಿಲ್ಲ. ಆ ಹುಡುಗಿಗೆ ಮುಖ ತೋರಿಸಲು ಆಗಲಿಲ್ಲ. ನಿಮ್ಮ ಕೋಣೆಯಲ್ಲಿ ನನ್ನ ಮಗಳ ಕೈ ಹಿಂಡಿದಾಗ, ಇವಳನ್ನು ನಾನೇ ತಳ್ಳಿದ್ದೆ. ಆ ರಾತ್ರಿ ಊಟಕ್ಕೆ ಕೂತಾಗ ಅಮೂಲ್ಯಾಗೆ ತಪ್ಪಾಯಿತು ಎಂದೆ. ಅವಳು "ಬಿಡಮ್ಮ, ಉಪ್ಪಿನಕಾಯಿ ಹಾಕು" ಎಂದಳು. ಅದಾದ ಮೇಲೆ ಈ ಪತ್ರ ಬರೆಯಲು ಕೂತೆ. ಕಾಗುಣಿತ ತಿದ್ದಿದ್ದು ಅವಳು, ಗುಣಾಕಾರ ತಪಾಸಣೆ ಮಾಡಿದ್ದು ಗಿರಿಜಾದೇವಿಯವರು. ನಿಮ್ಮ ಹಾಳೆಗಿಂತ ಹೆಚ್ಚು ಜನ ಇದನ್ನು ನೋಡಿದ್ದಾರೆ.

ಈಗ ನೀವು ಹೇಳಬಹುದು, ಅಷ್ಟು ಸಾವಿರ ಜನರಲ್ಲಿ ಹನ್ನೊಂದು ಎಂದರೆ ಎಷ್ಟು ಎಂದು. ಹಾಗೆ ಹೇಳುವ ಮುಂಚೆ ಇನ್ನೆಷ್ಟು ಜನ ಇದ್ದಾರೆಂದು ಎಣಿಸಿ. ಸಾಲಿನ ಹೆಸರುಗಳ ಪಟ್ಟಿ ಇರುವುದು ನಿಮ್ಮಲ್ಲಿ, ನಮ್ಮಲ್ಲಿ ಅಲ್ಲ. ಕೆಲಸದ ಒತ್ತಡದಲ್ಲಿ ಸಣ್ಣಪುಟ್ಟ ಲೋಪ ಸಹಜ ಎನ್ನಬಹುದು. ಸಹಜವೇ. ನಾನೇ ಒಬ್ಬರ ಬೆನ್ನಿನ ಅಳತೆ ಕೆಡಿಸಿದವಳು, ನಿಮ್ಮ ಮೇಜಿನವರ ಮೇಲೆ ನನಗೆ ಕೋಪವಿಲ್ಲ. ಬೆಳಗಿನಿಂದ ಬಿಸಿಲಿನಲ್ಲಿ ನಿಂತು, ಕೆಟ್ಟ ಯಂತ್ರದ ಬದಲು ಕಂಬ ಕೊಟ್ಟಾಗ, ಅವರು ತಮಗೆ ತಿಳಿದಷ್ಟು ಬರೆದಿದ್ದಾರೆ. ನನ್ನ ಕೋಪ ಆಮೇಲಿನ ನಾಲ್ಕು ತಿಂಗಳ ಮೇಲೆ. ತಪ್ಪು ಗೊತ್ತಾದ ಮೇಲೆ ಹಾಳೆ ಮಾಯವಾಯಿತು. ಕೇಳಿದವರಿಗೆ ಹಾಳೆಯೇ ಇಲ್ಲ ಎಂದಿರಿ. ಕೊನೆಗೆ ತಪ್ಪನ್ನು ಒಂದು ಹುಡುಗಿಯ ಮೊಣಕಾಲಿಗೆ ಕಟ್ಟಿ, ಅವಳ ಕೈಯಲ್ಲೇ ಅದಕ್ಕೆ ಸಹಿ ಹಾಕಿಸಲು ನೋಡಿದಿರಿ. ಇದನ್ನು ಯಾವ ಯಂತ್ರ ಕೆಟ್ಟು ಮಾಡಿದ್ದು?

ನಮಗೆ ಕರುಣೆ ಬೇಡ, ವಿನಾಯಿತಿ ಬೇಡ, ಹಿಂಬಾಗಿಲೂ ಬೇಡ. ಆ ದಿನ ಆ ಹಾಳೆಯಿಂದ ಹೊರಗೆ ಹೋದ ಪ್ರತಿಯೊಬ್ಬ ಹುಡುಗಿಗೂ ಪತ್ರ ಬರೆದು ಕರೆಸಿ. ಸರಿಯಿದೆಯೆಂದು ಪರೀಕ್ಷೆ ಮಾಡಿಸಿದ ಯಂತ್ರದಲ್ಲಿ, ಸೆಂಟಿಮೀಟರಿನಲ್ಲಿ, ಎಲ್ಲರ ಎದುರಿಗೆ ಅಳೆಯಿರಿ. 156.9 ಬಂದವಳು ಮಾತಾಡದೆ ಮನೆಗೆ ಹೋಗುತ್ತಾಳೆ. 157 ಬಂದವಳನ್ನು ಫೆಬ್ರವರಿಯ ಸಾಲಿನಲ್ಲೇ ಇದ್ದಳೆಂದು ಪರಿಗಣಿಸಿ. ಈ ನಾಲ್ಕು ತಿಂಗಳನ್ನು ಅವಳ ವಯಸ್ಸಿಗೆ ಕೂಡಿಸಬೇಡಿ, ಅದನ್ನು ಕಳೆದವರು ನೀವು. ಹಾಳೆ ತಪ್ಪಿತ್ತು ಎಂದು ಒಂದು ಸಾಲು ಬರೆದು ನಿಮ್ಮ ಸೂಚನಾ ಫಲಕದಲ್ಲಿ ಅಂಟಿಸಿ. ಸಹಿ ನಿಮ್ಮದೇ ಇರಲಿ.

ನೀವು ಕರೆಯದಿದ್ದರೂ ಈ ಪತ್ರ ಅಚ್ಚಾದ ಮೇಲಿನ ಮೊದಲ ಸೋಮವಾರ ಬೆಳಗ್ಗೆ ಹತ್ತಕ್ಕೆ ನಾವು ನಿಮ್ಮ ಗೇಟಿಗೆ ಬರುತ್ತೇವೆ. ಗಲಾಟೆ ಮಾಡುವುದಿಲ್ಲ, ಘೋಷಣೆ ಕೂಗುವುದಿಲ್ಲ. ಹುಡುಗಿಯರು ಚಪ್ಪಲಿ ಬಿಟ್ಟು ಸಾಲಾಗಿ ನಿಲ್ಲುತ್ತಾರೆ, ಅಷ್ಟೇ. ಮದುವೆಯಾಗಿ ಹೋದವಳನ್ನು ಅತ್ತೆ ಮನೆಯವರು ಕಳಿಸುತ್ತಾರೋ ಇಲ್ಲವೋ ಗೊತ್ತಿಲ್ಲ. ವಚನಾಳ ಪಕ್ಕ ಅವಳಿಗೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿರುತ್ತೇವೆ. ನೀವು ಅಳೆಯಲು ಹೊರಗೆ ಬರುವವರೆಗೆ ಆ ಸಾಲು ಕದಲುವುದಿಲ್ಲ. ಮಂಗಳವಾರವೂ ಬರುತ್ತೇವೆ, ಬುಧವಾರವೂ. ನನ್ನ ಅಂಗಡಿಯ ಬಾಗಿಲಿಗೆ ಈಗಾಗಲೇ ಚೀಟಿ ಅಂಟಿಸಿದ್ದೇನೆ, ಹೊಲಿಗೆ ತಡವಾಗುತ್ತದೆ, ದಯವಿಟ್ಟು ಕ್ಷಮಿಸಿ ಎಂದು.

ಇಂತಿ,
ಒಂದು ಮಂಗಳವಾರ ಮಗಳಿಗೆ ಬಗ್ಗು ಎಂದು ಹೇಳಿ, ಇವತ್ತಿಗೂ ಅದಕ್ಕೆ ನಾಚುತ್ತಿರುವ ತಾಯಿ
ಪಟಾಲಮ್ಮ
ಲೇಡೀಸ್ ಟೈಲರ್, ಗೋವಿಂದರಾಜನಗರ